ಕಟ್ಟಿಂಗ್ ಶೆಡ್ಡಿನ ಹಾರ್ನು

2018ರಲ್ಲಿ ನಾನು ಬಂಟ್ವಾಳ ಪೇಟೆಯಲ್ಲಿ ನಿಮ್ಮ ಅಜ್ಜನ ಅಂಗಡಿಯನ್ನು ನೋಡಿಕೊಳ್ಳುತ್ತಿದ್ದೆ. ಅಜ್ಜ ತೀರಿಕೊಂಡು ಆಗ ನಾಲ್ಕು ವರ್ಷ ಕಳೆದಿತ್ತು. ಆಫೀಸು, ಆಸ್ಪತ್ರೆ, ಕಾರ್ಖಾನೆಗಳಿಗೆ ಇಂಟರ್‌ಕಾಮ್ ಫೋನ್ ಹಾಕುವುದು ನಮ್ಮ ಕೆಲಸ. ದೊಡ್ಡ ಜಾಗವಾದರೆ ಅದೇ ಫೋನಿಗೆ ಛಾವಣಿಯಿಂದ ಇಳಿಬಿಡುವ ಸ್ಪೀಕರ್‌ಗಳನ್ನೂ, ಹಾರ್ನು ಎಂದು ಕರೆಯುವ ಅಗಲ ಬಾಯಿಯ ಸ್ಪೀಕರ್‌ಗಳನ್ನೂ, ಜೋರಾಗಿ ಹೊಡೆಯುವ ಗಂಟೆಗಳನ್ನೂ ಜೋಡಿಸುತ್ತಿದ್ದೆವು. ಮೂಡುಬಿದಿರೆಯಿಂದ ಬೆಳ್ತಂಗಡಿಯವರೆಗೆ ನಮ್ಮ ಗಿರಾಕಿಗಳಿದ್ದರು. ಕಳೆದ ರಜೆಯಲ್ಲಿ ನೀವಿಬ್ಬರೂ ಅಡುಗೆಮನೆಯ ಬಾಗಿಲ ಪಕ್ಕದ ಬೂದು ಡಬ್ಬಿಯನ್ನು ನೋಡಿ, ಒಬ್ಬಳೇ ಇರುವ ಅಜ್ಜಿಗೆ ಇಷ್ಟು ದೊಡ್ಡ ಗಂಟೆ ಯಾಕೆ ಎಂದು ನಕ್ಕಿರಿ. ಬಾಯಿಬಿಟ್ಟು ಹೇಳಲು ನನಗೆ ಆಗಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಮಾತಾಡುವುದೆಂದರೆ ನನಗೆ ಮೊದಲಿನಿಂದಲೂ ಅಂಜಿಕೆ. ತೋಡಾರಿನ ಶಾಲೆಯಲ್ಲಿ ಏಳನೆಯ ತರಗತಿವರೆಗೆ ಕಲಿತೆ. ಪದ್ಯ ಹೇಳಲು ಎಬ್ಬಿಸಿ ನಿಲ್ಲಿಸಿದರೆ ಮೊದಲ ಸಾಲೇ ಮರೆತುಹೋಗುತ್ತಿತ್ತು. ಅಂಗಡಿಗೆ ಬಂದ ಮೇಲೆ ವೈರು ಸುಲಿಯುವುದು, ಜೋಡಿಸುವುದು, ಏಣಿ ಹಿಡಿಯುವುದು ಎಲ್ಲವನ್ನೂ ಕಲಿತೆ. ಆದರೆ ಕೆಲಸ ಮುಗಿದು ಸ್ಪೀಕರ್ ಟೆಸ್ಟ್ ಮಾಡುವ ಹೊತ್ತಿಗೆ ಫೋನೆತ್ತುವವರು ಹಮೀದ್. ಅವರು ಅಜ್ಜನ ಕಾಲದಿಂದಲೂ ನಮ್ಮಲ್ಲಿದ್ದ ಟೆಕ್ನಿಷಿಯನ್. "ಅಕ್ಕ, ಒಂದು ಹಲೋ ಆದರೂ ಹೇಳಿ. ಹಾರ್ನು ಕಚ್ಚುವುದಿಲ್ಲ ಮಾರಾಯ್ರೆ" ಎಂದು ಪ್ರತಿ ಸಲವೂ ತಮಾಷೆ ಮಾಡುತ್ತಿದ್ದರು. ನಾನು ಪ್ರತಿ ಸಲವೂ ತಲೆ ಅಲ್ಲಾಡಿಸುತ್ತಿದ್ದೆ.

ಆ ವರ್ಷ ಮಾಣಿಯ ಹತ್ತಿರದ ಒಂದು ಗೇರುಬೀಜದ ಕಾರ್ಖಾನೆಯಿಂದ ಕೆಲಸ ಬಂತು. ಬೀಜ ಒಡೆಯುವ ಕಟ್ಟಿಂಗ್ ಶೆಡ್ಡು, ಸಿಪ್ಪೆ ತೆಗೆಯುವ ಹಾಲ್, ಪ್ಯಾಕಿಂಗ್, ಅಂಗಳ, ಹೀಗೆ ಉದ್ದಕ್ಕೆ ಹರಡಿದ ಜಾಗ. ಕೆಲಸದವರು ಹೆಚ್ಚಾಗಿ ಹೆಂಗಸರು. ಮೊಬೈಲನ್ನು ಒಳಗೆ ಒಯ್ಯುವ ಹಾಗಿರಲಿಲ್ಲ. ಬೆಳಿಗ್ಗೆ ಗೇಟಿನ ಬಳಿಯ ಕಪಾಟಿನಲ್ಲಿಟ್ಟು ಸಂಜೆ ತೆಗೆದುಕೊಳ್ಳಬೇಕಿತ್ತು. ಮನೆಯಿಂದ ಏನಾದರೂ ಅವಸರ ಇದ್ದರೆ ಆಫೀಸಿನ ಫೋನಿಗೇ ಮಾಡಬೇಕಿತ್ತು.

ಆಫೀಸಿಗೆ ಬಂದ ಸುದ್ದಿಯನ್ನು ಒಳಗೆ ಒಯ್ಯುತ್ತಿದ್ದವರು ಬಾಬಣ್ಣ, ಅಲ್ಲಿನ ಹಳೆಯ ಅಟೆಂಡರ್. ನಾವು ಶೆಡ್ಡಿನಲ್ಲಿ ಬ್ರಾಕೆಟ್ ಕೂರಿಸುವಾಗ ಅವರ ನಡೆಯನ್ನು ನೋಡಿದೆ. ಬೀಜದ ಚಿಪ್ಪಿನ ಎಣ್ಣೆ ಕೈಗೆ ಹತ್ತಿದರೆ ಸುಡುತ್ತದೆ, ಕಪ್ಪಾಗಿ ಕೂರುತ್ತದೆ. ತೆಂಗಿನೆಣ್ಣೆ ಹಚ್ಚಿ, ಬೂದಿ ಉಜ್ಜಿ, ಸಾಬೂನು ಹಾಕಿ ತೊಳೆಯದೆ ಯಾವ ಹೆಂಗಸೂ ಶೆಡ್ಡಿನಿಂದ ಹೊರಗೆ ಕಾಲಿಡುವುದಿಲ್ಲ. ಸಾಧಾರಣ ಸುದ್ದಿಯಾದರೆ ಬಾಬಣ್ಣ ಬಾಗಿಲಲ್ಲಿ ನಿಂತು, ಕೈ ತೊಳೆದು ಬಾ ಎನ್ನುತ್ತಿದ್ದರು. ಕೆಟ್ಟ ಸುದ್ದಿಯಾದರೆ ಹತ್ತಿರ ಹೋಗಿ, "ಕೈ ತೊಳೆಯುವುದು ಬೇಡ, ಹಾಗೇ ಬಾ" ಎನ್ನುತ್ತಿದ್ದರು. ಅಷ್ಟು ಹೇಳಿದರೆ ಪಕ್ಕದವಳು ತಾನಾಗಿ ಎದ್ದು ಸುದ್ದಿ ಬಂದವಳ ಹೆಗಲು ಹಿಡಿಯುತ್ತಿದ್ದಳು. ನಾನು ಏಣಿ ಹಿಡಿದು ನಿಂತಿದ್ದಾಗಲೇ ಒಂದು ಸಲ ಹಾಗಾಯಿತು.

ನಮ್ಮ ಕಡೆ ಸಾವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ ಎಂದು ನಿಮಗೆ ಗೊತ್ತಿರಲಾರದು. ದೂರದಲ್ಲಿರುವ ಮಗಳಿಗೆ ತಾಯಿ ತೀರಿಕೊಂಡರು ಎಂದು ಫೋನಿನಲ್ಲಿ ಹೇಳಿದರೆ, ಅವಳು ದಾರಿಯಲ್ಲಿ ಬಿದ್ದುಬಿಟ್ಟರೆ ಯಾರು ಹಿಡಿಯುವುದು? ಅದಕ್ಕೆ, ಅಮ್ಮನಿಗೆ ಸ್ವಲ್ಪ ಸೌಖ್ಯ ಇಲ್ಲ, ಒಮ್ಮೆ ಬಂದು ಹೋಗು ಎನ್ನುತ್ತಾರೆ. ಹೇಳುವ ದನಿಯಲ್ಲೇ ಗೊತ್ತಾಗುತ್ತದೆ. ಕೇಳಿದವರು ಮರುಪ್ರಶ್ನೆ ಹಾಕುವುದಿಲ್ಲ.

ಕಾರ್ಖಾನೆಯ ಮ್ಯಾನೇಜರ್ ಮುಂಬೈಯಲ್ಲಿ ಹುಟ್ಟಿ ಬೆಳೆದವರು. ಮನೆಮಾತು ತುಳುವೇ, ಚೆನ್ನಾಗಿ ಮಾತಾಡುತ್ತಿದ್ದರು. ಆದರೆ ಆ ಮಾತನ್ನು ಇಲ್ಲಿಯವರು ಹೇಗೆ ಬಳಸುತ್ತಾರೆ ಎಂಬುದು ಅವರಿಗೆ ತಿಳಿದಿರಲಿಲ್ಲ. ಅವರಿಗೆ ಬೇಕಾಗಿದ್ದದ್ದು ಪೇಜಿಂಗ್. ಎಂದರೆ, ಆಫೀಸಿನ ಫೋನಿನಲ್ಲಿ ಒಂದು ಕೋಡ್ ಒತ್ತಿ ಮಾತಾಡಿದರೆ ಆ ಮಾತು ಆಂಪ್ಲಿಫೈಯರ್ ಮೂಲಕ ಎಲ್ಲ ಸ್ಪೀಕರ್‌ಗಳಲ್ಲಿ ಕೇಳಿಸಬೇಕು. ಯಂತ್ರದ ಗದ್ದಲವಿರುವ ಕಟ್ಟಿಂಗ್ ಶೆಡ್ಡಿಗೆ ನಾಲ್ಕು ಹಾರ್ನು, ಪ್ಯಾಕಿಂಗ್ ಮತ್ತು ಸಿಪ್ಪೆ ಹಾಲ್‌ಗೆ ಡಬ್ಬಿ ಸ್ಪೀಕರ್, ಅಂಗಳಕ್ಕೆ ಎರಡು ಹಾರ್ನು, ಎಲ್ಲವನ್ನೂ ಒಂದೇ ಲೈನಿನಲ್ಲಿ ಕೊಟ್ಟೆವು. ಜೊತೆಗೆ ಶೆಡ್ಡಿನ ಗೋಡೆಗೆ ಒಂದು ಲೌಡ್ ರಿಂಗರ್, ಅದರ ಕೆಳಗೆ ಒಂದು ಫೋನು. ಆಫೀಸಿನಲ್ಲಿ ಯಾರೂ ಎತ್ತದಿದ್ದರೆ ಕರೆ ಅಲ್ಲಿಗೆ ಹೋಗಿ ಆ ಗಂಟೆ ಹೊಡೆಯುತ್ತದೆ, ಹತ್ತಿರವಿದ್ದವರು ಯಾರಾದರೂ ಎತ್ತಬಹುದು. ಜನ ಇರುವಲ್ಲಿ ಬರೀ ಸ್ಪೀಕರ್ ಹಾಕಬಾರದು, ತಿರುಗಿ ಮಾತಾಡಲು ಒಂದು ಫೋನೂ ಇರಬೇಕು ಎಂದು ನಿಮ್ಮ ಅಜ್ಜ ಹಟ ಹಿಡಿಯುತ್ತಿದ್ದರು. ನಾನೂ ಹಾಗೇ ಮಾಡಿದೆ.

ಎರಡು ತಿಂಗಳಲ್ಲಿ ಮೂರು ಬದಲಾವಣೆಗಳಾದವು. ಹೆಂಗಸರು ಕೆಲಸ ಬಿಟ್ಟು ಎದ್ದು ಹೋಗುತ್ತಾರೆ ಎಂದು ಮ್ಯಾನೇಜರ್ ರಿಂಗರಿನ ವೈರು ತೆಗೆಸಿದರು. ಇನ್ನು ಮೈಕ್ ಇರುವಾಗ ನಡೆದು ಹೋಗುವವನು ಯಾಕೆ ಎಂದು ಬಾಬಣ್ಣನನ್ನು ಮನೆಗೆ ಕಳಿಸಿದರು. ಮನೆಯಿಂದ ಬರುವ ಕರೆಗಳಿಗೆ ಒಂದು ನಿಯಮವನ್ನೂ ಮಾಡಿದರು. ಸಾವು ಅಥವಾ ಅಪಘಾತವಾದರೆ ಮಾತ್ರ ಮೈಕಿನಲ್ಲಿ ಕರೆಯಬೇಕು. ಹುಷಾರಿಲ್ಲ ಎಂಬಂಥದ್ದನ್ನೆಲ್ಲ ಸಂಜೆ ಕೆಲಸ ಬಿಡುವಾಗ ಹೇಳಿದರೆ ಸಾಕು.

ಲೀಲಾ ಕಟ್ಟಿಂಗ್ ಶೆಡ್ಡಿನವಳು. ಗಂಡನ ಮನೆ ಮಾಣಿಯ ಹತ್ತಿರ, ತವರು ಬೆಳ್ತಂಗಡಿ ಆಚೆಯ ನೆರಿಯ. ಒಂದು ಬೆಳಿಗ್ಗೆ ನೆರಿಯದಲ್ಲಿ ಅವಳ ತಾಯಿ ತೀರಿಕೊಂಡರು. ಅಣ್ಣ ಕೃಷ್ಣಪ್ಪ ಮೊದಲು ಅವಳ ಮೊಬೈಲಿಗೆ ಮಾಡಿದ. ಅದು ಗೇಟಿನ ಕಪಾಟಿನಲ್ಲಿ ಹೊಡೆದು ಹೊಡೆದು ನಿಂತಿತು. ಆಮೇಲೆ ಆಫೀಸಿಗೆ ಮಾಡಿ, ಅಮ್ಮನಿಗೆ ಸೌಖ್ಯ ಇಲ್ಲ, ಲೀಲಾಳನ್ನು ಒಮ್ಮೆ ಕಳಿಸಿಕೊಡಿ ಎಂದ. ಕರೆ ತೆಗೆದುಕೊಂಡವಳು ಪ್ರಮೀಳಾ ಎಂಬ ಕ್ಲರ್ಕ್. ಮಧ್ಯಾಹ್ನ ಅವನು ಮತ್ತೊಮ್ಮೆ ಮಾಡಿದಾಗ ಮ್ಯಾನೇಜರೇ ಎತ್ತಿ, ಹೇಳಿದ್ದೇವೆ ಎಂದುಬಿಟ್ಟರು. ಅವಳು ಹೊರಟಿದ್ದಾಳೆ ಎಂದೇ ಮನೆಯವರು ಕಾದರು. ಬೆಳಕು ಹೋಗುವ ಮೊದಲು ಮುಗಿಸಬೇಕು ಎಂದು ಹಿರಿಯರು ಅವಸರ ಮಾಡಿದರು. ಲೀಲಾಳಿಗೆ ಸಂಜೆ ಗೇಟಿನಲ್ಲಿ ಸುದ್ದಿ ಸಿಕ್ಕಿತು. ಬಸ್ಸು ಬದಲಿಸಿ ಬದಲಿಸಿ ನೆರಿಯ ಮುಟ್ಟುವಾಗ ಚಿತೆ ಉರಿದು ತಗ್ಗಿತ್ತು.

ಮರುದಿನ ಕೃಷ್ಣಪ್ಪ ಕಾರ್ಖಾನೆಗೆ ಬಂದು ಕೇಳಿದಾಗ, ಮೈಕಿನಲ್ಲಿ ಕರೆದಿದ್ದೆವು, ಅವಳೇ ಬರಲಿಲ್ಲ ಎಂದು ಮ್ಯಾನೇಜರ್ ಹೇಳಿದರು. ದಿನದ ಸಂಬಳ ಹೋಗುತ್ತದೆಂದು ತಂಗಿ ಕೂತಲ್ಲೇ ಕೂತಳು ಎಂದು ಅವನು ತಿಳಿದುಕೊಂಡ. ಉತ್ತರಕ್ರಿಯೆಗೂ ನೀನು ಬರುವುದು ಬೇಡ ಎಂದುಬಿಟ್ಟ. ಮೈಕಿನಲ್ಲಿ ನನ್ನ ಹೆಸರೇ ಬರಲಿಲ್ಲ ಎಂದು ಅವಳು ಶೆಡ್ಡಿನಲ್ಲಿ ಅತ್ತಾಗ ಮ್ಯಾನೇಜರ್ ಮಾತು ತಿರುಗಿಸಿದರು. ಹಾಗಾದರೆ ಸ್ಪೀಕರ್ ಕೆಟ್ಟಿರಬೇಕು, ಹಾಕಿದವರನ್ನೇ ಕರೆಸುವ ಎಂದರು. ಉತ್ತರಕ್ರಿಯೆಗೆ ಇನ್ನೇನು ಎರಡು ದಿನ ಇರುವಾಗ ನನಗೆ ಫೋನ್ ಬಂತು.

ನಾನೂ ಹಮೀದೂ ಹೋದೆವು. ಮ್ಯಾನೇಜರ್ ಬಾಗಿಲು ಹಾಕಿಸಿ, ಕುರ್ಚಿ ಕೊಟ್ಟು, ಮೆತ್ತಗೆ ಮಾತಾಡಿದರು.

"ನೀವು ಒಂದು ಮಾತು ಹೇಳಿದ್ರೆ ಮುಗೀತದೆ ಅಮ್ಮ. ಆ ದಿನ ಶೆಡ್ಡಿನ ಸ್ಪೀಕರ್ ಕೆಟ್ಟಿತ್ತು ಅಂತ. ಅವಳ ಅಣ್ಣನಿಗೂ ಸಮಾಧಾನ ಆಗ್ತದೆ. ನಿಮ್ಮ ಮೇಲೆ ನಾವು ಏನೂ ಮಾಡುವುದಿಲ್ಲ. ಬೆಳ್ತಂಗಡಿಯ ಹೊಸ ಯೂನಿಟ್ಟಿನ ಕೆಲಸವೂ ನಿಮಗೇ."

ಅವರ ಮಾತಿನಲ್ಲಿ ನಿಜವೂ ಇತ್ತು. ಸ್ಪೀಕರ್ ಕೆಟ್ಟಿತ್ತು ಎಂದರೆ ಲೀಲಾಳ ಮೇಲಿನ ಮಾತು ತಪ್ಪುತ್ತದೆ. ಯಾರಿಗೂ ನೋವಿಲ್ಲ. ಹಾರ್ನಿಗೆ ಮಾನ ಇಲ್ಲವಲ್ಲ. ನೋಡಿ ಹೇಳುತ್ತೇನೆ ಎಂದು ಎದ್ದು ಹೊರಗೆ ಬಂದೆ.

ಲೀಲಾ ಶೆಡ್ಡಿನ ಬಾಗಿಲಲ್ಲಿ ಕಾಯುತ್ತಿದ್ದಳು, ಕೈಯೆಲ್ಲ ಕಪ್ಪು. ಒಳಗೆ ನಡೆದ ಮಾತನ್ನು ನಾನು ಅವಳಿಗೆ ಹೇಳಿದೆ. ಹೀಗೆ ಹೇಳಿದರೆ ನಿನಗೆ ಆಗಬಹುದಾ ಎಂದೂ ಕೇಳಿದೆ.

"ಕೆಟ್ಟಿತ್ತು ಅಂದ್ರೆ, ಅವರು ಕರೆದಿದ್ರು ಅಂತ ಆಯ್ತಲ್ಲ ಅಕ್ಕ" ಎಂದಳು. "ಕರೆಯಲೇ ಇಲ್ಲ. ನನ್ನ ಅಮ್ಮ ಸತ್ತದ್ದನ್ನು ಇಲ್ಲಿ ಒಬ್ಬರೂ ಕರೆಯುವಷ್ಟು ದೊಡ್ಡದು ಅಂತ ನೆನೆಸಲಿಲ್ಲ. ಅದು ಅಣ್ಣನಿಗೆ ಗೊತ್ತಾಗ್ಲಿ."

ಹಮೀದ್ ಏಣಿ ಇಟ್ಟು ನಾಲ್ಕೂ ಹಾರ್ನುಗಳನ್ನು ನೋಡಿದರು. ಒಂದು ಸ್ಕ್ರೂ ಕೂಡ ಸಡಿಲಾಗಿರಲಿಲ್ಲ. ಮ್ಯಾನೇಜರ್ ಕೃಷ್ಣಪ್ಪನನ್ನೂ ಆ ಹೊತ್ತಿಗೆ ಕರೆಸಿದ್ದರು. ಅವನು ಶೆಡ್ಡಿನ ಕಂಬಕ್ಕೆ ಒರಗಿ, ತಂಗಿಯ ಕಡೆ ನೋಡದೆ ನಿಂತಿದ್ದ. ಟೆಸ್ಟ್ ಮಾಡಲು ಹಮೀದ್ ಆಫೀಸಿನ ಕಡೆ ಹೊರಟರು. ನಾನು ಅವರನ್ನು ತಡೆದೆ. ನೀವು ಇಲ್ಲೇ ನಿಂತು ಕೇಳಿ, ನಾನು ಮಾತಾಡುತ್ತೇನೆ ಎಂದೆ. ಅವರು ಆ ದಿನ ತಮಾಷೆ ಮಾಡಲಿಲ್ಲ.

ಆಫೀಸಿನಲ್ಲಿ ಪ್ರಮೀಳಾ ಫೋನನ್ನು ನನ್ನ ಕಡೆ ತಿರುಗಿಸಿ ಕೊಟ್ಟಳು. ಮ್ಯಾನೇಜರ್ ಕೈ ಕಟ್ಟಿ ನಿಂತಿದ್ದರು. ನಾನು ಕೋಡ್ ಒತ್ತಿದೆ. ತೋಡಾರಿನ ಶಾಲೆಯಲ್ಲಿ ಪದ್ಯದ ಮೊದಲ ಸಾಲು ಮರೆಯುತ್ತಿದ್ದ ಹಾಗೇ ಆಯಿತು. ಹಲೋ ಟೆಸ್ಟಿಂಗ್ ಎನ್ನಲು ಬಾಯಿ ಬರಲಿಲ್ಲ. ಬಂದದ್ದು ಬೇರೆ.

"ಲೀಲಾ, ಕೈ ತೊಳೆಯುವುದು ಬೇಡ. ಹಾಗೇ ಬಾ."

ನನ್ನ ದನಿ ಅಂಗಳ ದಾಟಿ ತಿರುಗಿ ನನ್ನ ಕಿವಿಗೇ ಬಂದು ಬಿತ್ತು. ಆಮೇಲೆ ಶೆಡ್ಡಿನ ಕಟ್ಟಿಂಗ್ ಸದ್ದು ನಿಂತಿತು. ನಾವು ಅಲ್ಲಿಗೆ ಹೋಗುವಾಗ ಹೆಂಗಸರೆಲ್ಲ ಎದ್ದು ನಿಂತಿದ್ದರು. ಲೀಲಾ ನೆಲದಲ್ಲಿ ಕೂತು ಅಳುತ್ತಿದ್ದಳು. ಇಬ್ಬರು ಅವಳ ಹೆಗಲು ಹಿಡಿದಿದ್ದರು, ಬಾಬಣ್ಣನ ಕಾಲದಲ್ಲಿ ಹಿಡಿಯುತ್ತಿದ್ದಂತೆ.

ಈ ದಿನ ಸರಿ ಇದ್ದರೆ ಆ ದಿನವೂ ಸರಿ ಇತ್ತು ಎಂದು ಹೇಗೆ ಹೇಳುವುದು ಎಂದು ಮ್ಯಾನೇಜರ್ ಕೇಳಿದರು. ಅದಕ್ಕೆ ಉತ್ತರ ಕೊಟ್ಟವಳು ಶೆಡ್ಡಿನ ಹಿರಿಯ ಕೆಲಸಗಾರ್ತಿ ವಾರಿಜಕ್ಕ. ಅವಳು ಮಾತಾಡಿದ್ದು ಮ್ಯಾನೇಜರಿಗಲ್ಲ, ಕೃಷ್ಣಪ್ಪನಿಗೆ.

"ಆ ದಿನ ಇದೇ ಹಾರ್ನು ಲಾರಿ ಡ್ರೈವರನ್ನು ಎರಡು ಸಲ ಕರೆಯಿತು ತಮ್ಮ. ಲಾರಿ ಹಿಂದೆ ತೆಗಿ, ಲಾರಿ ಹಿಂದೆ ತೆಗಿ ಅಂತ. ನಾವೆಲ್ಲ ಕೇಳಿದ್ದೇವೆ. ಲಾರಿಗೆ ಬಾಯಿ ಬಂದ ಹಾರ್ನಿಗೆ ನಿನ್ನ ತಂಗಿಗೆ ಬಾಯಿ ಬರಲಿಲ್ಲವಾ?"

ಹೆಂಗಸರು ಒಬ್ಬರಿಗೊಬ್ಬರು ಬಿಟ್ಟುಕೊಡುವುದಿಲ್ಲ ಎಂದು ಮ್ಯಾನೇಜರ್ ನಗಲು ನೋಡಿದರು. ಆಗ ನಮ್ಮ ಹಿಂದೆ ಬಂದಿದ್ದ ಪ್ರಮೀಳಾ ಬಾಯಿಬಿಟ್ಟಳು.

"ನಾನು ಕರೆಯಲಿಲ್ಲ. ದನಿ ಕೇಳುವಾಗಲೇ ನನಗೆ ಗೊತ್ತಾಗಿತ್ತು. ಸರ್ ಹತ್ರ ಹೇಳಿದೆ. ಸತ್ತಿದ್ದಾರೆ ಅಂತ ಹೇಳಿದ್ರಾ ಅಂತ ಕೇಳಿದ್ರು. ಇಲ್ಲ, ಸೌಖ್ಯ ಇಲ್ಲ ಅಂದ್ರು ಅಂದೆ. ಹಾಗಾದ್ರೆ ಸಂಜೆ ಹೇಳು ಅಂದ್ರು."

ಕೃಷ್ಣಪ್ಪ ಕಂಬ ಬಿಟ್ಟು ನಿಂತ. ಮ್ಯಾನೇಜರಿಗೆ ಬೈದಾನು ಎಂದುಕೊಂಡೆ. ಬೈಯಲಿಲ್ಲ. ಸೌಖ್ಯ ಇಲ್ಲ ಎಂದು ಹೇಳಿದವನು ತಾನೇ ಎಂಬುದು ಅವನ ಮುಖದಲ್ಲಿ ಕಾಣುತ್ತಿತ್ತು. ಆದರೆ ಬೇರೆ ಹೇಗೆ ಹೇಳಬೇಕಿತ್ತು? ಅವನ ಅಪ್ಪ, ಅಜ್ಜ ಎಲ್ಲರೂ ಹಾಗೇ ಹೇಳಿದವರು. ಅವನು ತಂಗಿಯ ಹತ್ತಿರ ಬಂದು, "ಏಳು, ಹೋಗುವ" ಎಂದ. ಅಷ್ಟೇ. ಅವಳು ಕೈ ತೊಳೆಯದೆ ಹಾಗೇ ಎದ್ದು ಹೋದಳು. ಉತ್ತರಕ್ರಿಯೆಯಲ್ಲಿ ಅವಳು ಇದ್ದಳಂತೆ. ತಾಯಿಯ ಮುಖವನ್ನು ಕೊನೆಯ ಸಲ ಕಾಣುವುದನ್ನು ಮಾತ್ರ ಅವಳಿಗೆ ಯಾರೂ ತಿರುಗಿ ಕೊಡಲಿಲ್ಲ.

ಇಲ್ಲಿಗೆ ನಿಲ್ಲಿಸಿದರೆ ನಿಮಗೆ ಒಳ್ಳೆಯ ಕಥೆಯಾಗುತ್ತಿತ್ತು. ನಡೆದದ್ದು ಹಾಗಲ್ಲ. ಆ ತಿಂಗಳ ಕೊನೆಗೆ ಪ್ರಮೀಳಾಳನ್ನು ಕೆಲಸದಿಂದ ತೆಗೆದರು, ಫೋನ್ ಸುದ್ದಿ ತಲುಪಿಸಲಿಲ್ಲ ಎಂಬ ಕಾರಣಕ್ಕೆ. ನಿಯಮ ಮಾಡಿದವರು ಬೆಳ್ತಂಗಡಿಯ ಹೊಸ ಯೂನಿಟ್ಟಿಗೆ ದೊಡ್ಡ ಮ್ಯಾನೇಜರ್ ಆಗಿ ಹೋದರು. ಅಲ್ಲಿಗೆ ಸ್ಪೀಕರ್ ಹಾಕಿದವರು ಮಂಗಳೂರಿನ ಬೇರೆ ಯಾರೋ. ಮಾಣಿಯ ಕಾರ್ಖಾನೆಗೂ ನಮ್ಮನ್ನು ಮತ್ತೆ ಕರೆಯಲಿಲ್ಲ. ಪ್ರಮೀಳಾ ಒಂದು ದಿನ ಅಂಗಡಿಗೆ ಬಂದು ಕೆಲಸ ಉಂಟಾ ಎಂದು ಕೇಳಿದಳು. ಹಮೀದರಿಗೆ ಸಂಬಳ ಕೊಡುವುದೇ ಆಗ ನನಗೆ ಕಷ್ಟವಾಗಿತ್ತು. ಚಹಾ ತರಿಸಿ ಕೊಟ್ಟೆ. ಅದನ್ನು ಕುಡಿದು ಹೋದಳು. ನಿಜ ಹೇಳಿಸಿದವಳು ನಾನು, ಅದರ ಬೆಲೆ ಕೊಟ್ಟವಳು ಅವಳು. ಈ ಲೆಕ್ಕ ನನಗೆ ಇವತ್ತಿಗೂ ಸರಿಹೋಗಿಲ್ಲ.

ಬಾಬಣ್ಣನನ್ನು ತಿರುಗಿ ಕರೆಯಬಹುದೆಂದು ನನಗೆ ಒಂದು ಆಸೆ ಇತ್ತು. ಕರೆಯಲಿಲ್ಲ. ಇನ್ನು ಮನೆಯಿಂದ ಫೋನ್ ಮಾಡುವವರು ಸಾವಾದರೆ ಸಾವು ಎಂದೇ ಹೇಳಬೇಕು ಎಂದು ಗೇಟಿನಲ್ಲಿ ಬೋರ್ಡು ಹಾಕಿದರಂತೆ.

ಅಂಗಡಿ ಮುಚ್ಚುವವರೆಗೂ, ಸ್ಪೀಕರ್ ಬೇಕು ಎಂದು ಬಂದವರ ಹತ್ತಿರ ನಾನು ಮೊದಲು ಕೇಳುತ್ತಿದ್ದದ್ದು ಒಂದೇ, ಈಗ ಒಳಗೆ ಸುದ್ದಿ ಒಯ್ಯುವವರು ಯಾರು ಎಂದು. ಅವರನ್ನು ಬಿಡಿಸಬೇಡಿ, ಹಾರ್ನಿನ ಹತ್ತಿರ ಒಂದು ಫೋನೂ ಇರಲಿ ಎನ್ನುತ್ತಿದ್ದೆ. ಕೆಲವರು ಕೇಳಿದರು. ಹೆಚ್ಚಿನವರು ನಕ್ಕು, ಸ್ಪೀಕರ್ ಮಾತ್ರ ಸಾಕು ಅಂದರು. ಹಾರ್ನಿಗೆ ಎಷ್ಟು ವಾಟ್ ಬೇಕು ಎಂದು ನಾನು ಹೇಳಬಲ್ಲೆ. ಅದರಲ್ಲಿ ಯಾರ ಹೆಸರು ಬರಬೇಕು ಎಂಬುದು ಫೋನ್ ಹಿಡಿದವರ ಕೈಯಲ್ಲಿ ಉಂಟು. ಈ ಕೆಲಸ ನನಗೆ ಕಲಿಸಿದ್ದು ಅಷ್ಟು.

ಟೆಸ್ಟ್ ಮಾಡಿದ ಆ ದಿನ ಕಾರ್ಖಾನೆಯಿಂದ ಹೊರಡುವಾಗ, ಶೆಡ್ಡಿನ ಗೋಡೆಯಲ್ಲಿ ಸುಮ್ಮನೆ ನೇತಾಡುತ್ತಿದ್ದ ರಿಂಗರನ್ನು ತೆಗೆದುಕೊಂಡು ಹೋಗಿ ಎಂದು ಮ್ಯಾನೇಜರ್ ಸಿಟ್ಟಿನಲ್ಲಿ ಹೇಳಿದ್ದರು. ಹಮೀದ್ ಬಿಚ್ಚಿ ತಂದರು. ಅದೇ ಈಗ ನಮ್ಮ ಅಡುಗೆಮನೆಯ ಬಾಗಿಲ ಪಕ್ಕದಲ್ಲಿ ಇರುವುದು, ಮನೆಯ ಫೋನಿಗೆ ಜೋಡಿಸಿದ್ದೇನೆ. ಅದು ಹೊಡೆದಾಗ ನೀವು ಕಿವಿ ಮುಚ್ಚಿಕೊಂಡು ಅಂಗಳಕ್ಕೆ ಓಡುತ್ತೀರಿ. ಇನ್ನು ಮೇಲೆ ಓಡಬೇಡಿ. ಯಾರು ಹತ್ತಿರ ಇದ್ದೀರೋ ಅವರು ಎತ್ತಿ. ಊಟ ಮಾಡುತ್ತಿದ್ದರೂ ಸರಿ, ಕೈ ತೊಳೆಯುವುದು ಬೇಡ.