ಶುದ್ಧ ಕನ್ನಡದ ಓಬಳೆಪ್ಪ ಸರ್

ಗಂಗಾವತಿಯ ಅಕ್ಕಿ ಗಿರಣಿ ಮಾಲೀಕ ಪ್ರಭುರಾಜರಿಗೆ ಮಾತನ್ನೂ ಮಾರಬಹುದೆಂದು ಹೊಳೆದದ್ದು ಎಫ್‌ಎಂ ರೇಡಿಯೊಗಳ ಭರಾಟೆಯ ಕಾಲದಲ್ಲಿ. ಅಂಗಡಿ ಸಾಲಿನ ಮೇಲಂತಸ್ತು ಹಿಡಿದು ಪ್ರಸಾರ ಮತ್ತು ತಾಂತ್ರಿಕ ಕಾಲೇಜು ತೆರೆದೇಬಿಟ್ಟರು. ಒಂದು ಕಡೆ ಟಿವಿ, ಮೊಬೈಲ್ ರಿಪೇರಿ. ಇನ್ನೊಂದು ಕಡೆ ನಿರೂಪಣೆ, ವಾರ್ತಾವಾಚನ. ವಾಚನ ಕಲಿಸಲು ಸಿಕ್ಕವನು ಕುಕನೂರಿನ ಓಬಳೆಪ್ಪ.

ಅವನ ಕಟ್ಟುನಿಟ್ಟು ಅಂದರೆ ಕಟ್ಟುನಿಟ್ಟು. ಸ್ಟುಡಿಯೊದಲ್ಲಿ ಬಾಯಿತಪ್ಪಿ ‘ಇದೆ’ ಬದಲು ‘ಐತಿ’ ಅಂದವರು ಹೊರಗೆ ಮೆಟ್ಟಿಲ ಮೇಲೆ ನಿಲ್ಲಬೇಕು. ಆ ನಿಯಮವನ್ನು ತಾನೂ ಮುರಿಯಲಿಲ್ಲ. ಕೊನೆಗೆ ಅದು ಅವನ ಜೊತೆ ಬಸ್ಸು ಹತ್ತಿ ಊರಿಗೂ ಹೋಯಿತು. ಚಹಾದಂಗಡಿಯಲ್ಲಿ ಅವನು ‘ಎಲ್ಲರೂ ಕ್ಷೇಮವೇ?’ ಎಂದರೆ ಹರಟುತ್ತಿದ್ದವರು ತಹಶೀಲ್ದಾರರು ಬಂದಂತೆ ಎದ್ದು ನಿಲ್ಲುತ್ತಿದ್ದರು. ಮದುವೆಯ ಮಾತುಕತೆಗಳೂ ಹಾಗೆಯೇ ತಣ್ಣಗಾದವು. ಅವನಿಗೆ ಉಳಿದದ್ದು ಊರಿನಲ್ಲಿ ತಂಗಿ ಯಮನೂರಮ್ಮ, ಇಲ್ಲಿ ಸ್ಟುಡಿಯೊ, ಅಷ್ಟೇ.

ಈಗ ರಿಪೇರಿ ಕಡೆ ಕೂರಲು ಜಾಗವಿಲ್ಲ, ವಾಚನಕ್ಕೆ ಮೂವರೇ. ಪ್ರಭುರಾಜರು ಕರೆದು ಹೇಳಿದರು:

“ಸರ್, ಯೂಟ್ಯೂಬ್‌ದಾಗ ಎಲ್ಲಾರಿಗೂ ಈಗ ಜವಾರಿ ಮಾತು ಬೇಕ್ರಿ. ಅದನ್ನ ಕಲಿಸಿದ್ರ ನಿಮ್ಮ ವಿಭಾಗ ಉಳೀತೈತಿ. ಇಲ್ಲಂದ್ರ ಸ್ಟುಡಿಯೊ ರಿಪೇರಿಯವ್ರಿಗೆ ಕೊಡ್ತೀನಿ. ನಾಳೆ ಒಂದ್ ಪಾಠ ಮಾಡಿ ತೋರಸ್ರಿ.”

ಅದೇನು ಮಹಾ, ಹುಟ್ಟಿದೂರಿನ ಮಾತು ತಾನೇ ಎಂದುಕೊಂಡ. ಮರುದಿನ ಮೈಕಿನ ಮುಂದೆ ಕೂತು ಸಂತೆಯ ಸುದ್ದಿ ಹೇಳತೊಡಗಿದ. ಮಾತೇನೋ ಬಂತು, ವೇಷ ಹಾಕಿಕೊಂಡು ಬಂತು. ಮೂವರೂ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು.

“ಸರ್, ಬ್ಯಾರೆ ಊರವ್ರು ನಮ್ಮನ್ನ ಅಣಕಿಸಿದಂಗ ಆಗಾಕತ್ತೈತ್ರಿ,” ಎಂದಳು ವಿದ್ಯಾರ್ಥಿನಿ ಹೇಮಾ. ಪಾಪ, ಕೆಟ್ಟ ಮನಸ್ಸಿನಿಂದಲ್ಲ.

ಇನ್ನೊಂದು ವಾರ ನೋಡೋಣ ಎಂದು, ಹಿಂದೆ ಕೂತು ಕೇಳುತ್ತಿದ್ದ ಪ್ರಭುರಾಜರು ಎದ್ದುಹೋದರು. ಓಬಳೆಪ್ಪನಿಗೆ ತನ್ನವರೊಬ್ಬರ ಜೊತೆ ಮನಸ್ಸು ಬಿಚ್ಚಿ ಮಾತಾಡಿದರೆ ನಾಲಿಗೆ ದಾರಿಗೆ ಬಂದೀತು ಅನ್ನಿಸಿತು. ಅವನ ಮೊಬೈಲು ಪಕ್ಕದ ಕೋಣೆಯಲ್ಲಿ ರಿಪೇರಿಗೆಂದು ಬಿಚ್ಚಿಸಿಕೊಂಡು ಕೂತಿತ್ತು. ಕಾಲೇಜಿನ ಫೋನಿನಿಂದ ತಂಗಿಗೆ ಹಚ್ಚಿದ.

“ಯವ್ವಾ ಯಮನೂರವ್ವ, ಆರಾಮ ಅದಿಯೇನು? ಒಬ್ಬನ ಇದ್ದು ಇದ್ದು ನನಗ ಭಾಳ ಬ್ಯಾಸರಾಗೈತಿ ನೋಡು.”

“ಯಾರ್ರಿ ನೀವು?”

“ನಾನವ್ವ, ನಿಮ್ಮಣ್ಣ.”

“ನಮ್ಮಣ್ಣ ಹಿಂಗ ಮಾತಾಡಂಗಿಲ್ಲ. ಹೆಣ್ಮಕ್ಕಳಿಗೆ ಫೋನ್ ಹಚ್ಚಿ ಆಟ ಆಡ್ತೀರೇನು? ಇಡ್ರಿ ಸುಮ್ನ!”

‘ನಾನು ಓಬಳೆಪ್ಪ ಮಾತನಾಡುತ್ತಿದ್ದೇನೆ’ ಎಂದು ವಾರ್ತೆಯ ದನಿಯಲ್ಲಿ ಒಮ್ಮೆ ಅಂದಿದ್ದರೆ ಆಕೆ ತಕ್ಷಣ ಗುರುತು ಹಿಡಿಯುತ್ತಿದ್ದಳು. ಅದು ಗೊತ್ತಿದ್ದೂ ಅವನು ಫೋನ್ ಇಟ್ಟುಬಿಟ್ಟ. ವಾರ ಮುಗಿಯುವುದನ್ನು ಕಾಯದೆ, ಸ್ಟುಡಿಯೊದ ಕೀಲಿಯನ್ನು ತಾನೇ ಒಯ್ದು ರಿಪೇರಿಯವರ ಕೈಗೆ ಕೊಟ್ಟ.