ನಾನು ಅದ್ದಿದ ನೀರು

ಮಳೆಗಾಲ ಶುರುವಾಯಿತೆಂದರೆ ಟಾರ್ಚು, ಸೌಟು ಹಿಡಿದು ಮನೆಮನೆ ತಿರುಗಿ ಊರವರ ನೀರಿನಲ್ಲಿ ಇಣುಕುವುದು ಆರೋಗ್ಯ ಇಲಾಖೆಯಲ್ಲಿ ನನ್ನ ಕೆಲಸ. ಡೆಂಗಿ ಸೊಳ್ಳೆ ಮರಿ ಮಾಡುವುದು ಚರಂಡಿಯಲ್ಲಲ್ಲ, ತುಂಬಿಟ್ಟ ಒಳ್ಳೆಯ ನೀರಿನಲ್ಲಿ. ಶಿಗ್ಗಾಂವ ತಾಲ್ಲೂಕಿನ ನಮ್ಮೂರಿಗೆ ನಳದ ನೀರು ವಾರಕ್ಕೊಮ್ಮೆ ಬಂದರೆ ಪುಣ್ಯ, ಹೀಗಾಗಿ ಟಾಕಿ, ಬ್ಯಾರಲ್, ಹಂಡೆ, ಕೊಡ ಎಲ್ಲವೂ ಯಾವಾಗಲೂ ತುಂಬಿರುತ್ತವೆ. ಹುಳ ಕಂಡರೆ ನೀರು ಚೆಲ್ಲಿ, ಪಾತ್ರೆ ತಿಕ್ಕಿ ಒಣಗಿಸಿ ಎನ್ನಬೇಕು. ಜನ ಹೂಂ ಅನ್ನುತ್ತಾರೆ. ನಾನು ಅತ್ತ ಹೋದ ಮೇಲೆ ಅದೇ ನೀರಿಗೆ ಅದೇ ಮುಚ್ಚಳ.

ನನಗೆ ಇದು ಬರೀ ನೌಕರಿಯಲ್ಲ. ಮಗಳಿಗೆ ಒಮ್ಮೆ ಡೆಂಗಿ ಬಂದು ಹೋಗಿದೆ. ಎರಡನೇ ಸಲ ಬಂದರೆ ಜೀವಕ್ಕೇ ಕುತ್ತಾಗಬಹುದು ಎಂದು ಡಾಕ್ಟರು ಹೇಳಿದಾಗಿನಿಂದ ನನ್ನ ಕಿವಿಯಲ್ಲಿ ಸದಾ ಸೊಳ್ಳೆಯ ಸದ್ದೇ.

ಮೇಲಿನ ಓಣಿಯಲ್ಲಿ ದೊಡ್ಡ ಹೊಲ-ಮನೆಯವರಿದ್ದಾರೆ. ನಾನು ಕೆಳಗಿನ ಕೇರಿಯವಳು. ಅವರಲ್ಲಿ ನನಗೆ ಹಿತ್ತಲಿನ ಟೈರು, ದನ ನೀರು ಕುಡಿಯುವ ಬಾನಿ ನೋಡಲು ಮಾತ್ರ ಪರವಾನಗಿ. ಓಣಿಯ ಮೊದಲ ಮನೆಯ ಹಿರಿಯಮ್ಮ ಕಟ್ಟೆಯ ಮೇಲೆ ಕುಳಿತೇ ತಡೆಯುತ್ತಿದ್ದರು.

"ಅಲ್ಲೇ ನಿಂದ್ರವಾ. ಒಳಗೇನೂ ಇಲ್ಲ. ನಮ್ಮ ನೀರು ಕನ್ನಡಿ ಇದ್ದಂಗ ಐತಿ."

ಹೋದ ವರ್ಷ ಆ ಓಣಿಯಲ್ಲಿ ಜ್ವರ ಹಬ್ಬಿತು. ತಾಲ್ಲೂಕಿನ ಸಾಹೇಬರು ಜೀಪಿನಲ್ಲಿ ಬಂದು ಬಾಗಿಲಲ್ಲೇ ನಿಂತು, "ಒಳಗ ಹೋಗಿ ನೋಡ್ರಿ" ಎಂದು ನನ್ನನ್ನು ಕಳಿಸಿದರು. ಹಿರಿಯಮ್ಮ ಸೆರಗು ಮುದುಡಿಕೊಂಡು ಸರಿದು ನಿಂತರು. ಅಡಿಗೆಮನೆಯ ಪಕ್ಕದ ಟಾಕಿಯಲ್ಲಿ ಸೌಟು ಅದ್ದಿ ಎತ್ತಿದೆ. ಕನ್ನಡಿಯಂಥ ನೀರಿನಲ್ಲಿ ಹುಳ ಗಿಜಿಗಿಜಿ ಎನ್ನುತ್ತಿತ್ತು.

"ಅವ್ವಾರ, ಇವತ್ತ ಚೆಲ್ರಿ" ಎಂದು ಕೈಮುಗಿದು ಬಂದೆ.

ಮರುದಿನ ಹೋಗಿ ನೋಡಿದರೆ ಟಾಕಿ ಪೂರ್ತಿ ಖಾಲಿ. ಒಳಗೋಡೆ ತಿಕ್ಕಿ, ಸುಣ್ಣ ಬಳಿದು ಒಣಗಲು ಬಿಟ್ಟಿದ್ದರು. ಅಷ್ಟು ವರ್ಷದಲ್ಲಿ ಯಾರೂ ನನ್ನ ಮಾತನ್ನು ಹಾಗೆ ನಡೆಸಿರಲಿಲ್ಲ. ಖುಷಿಯಿಂದ, "ಚಲೋ ಮಾಡಿದ್ರಿ ಅವ್ವಾರ" ಎಂದೆ.

"ಮತ್ತೇನ್ ಮಾಡೂದವಾ? ನೀ ಸೌಟು ಅದ್ದಿದ ನೀರು ಕುಡ್ಯಾಕ ಬರ್ತೈತೇನು?" ಎಂದರು. ಬೈದು ಹೇಳಲಿಲ್ಲ, ಮಳೆ ಬಂತು ಅನ್ನುವ ಹಾಗೆ ಹೇಳಿದರು. ಹುಳದ ಸುದ್ದಿಯನ್ನು ಅವರು ಕಿವಿಗೇ ಹಾಕಿಕೊಂಡಿರಲಿಲ್ಲ.

ಸೌಟು ಚೀಲಕ್ಕೆ ಹಾಕಿಕೊಂಡು ಮನೆಗೆ ಬಂದೆ. ಆಮೇಲೆ ಸಿಟ್ಟು ಬಂತು, ಸಿಟ್ಟಿನ ಹಿಂದೆಯೇ ಬುದ್ಧಿಯೂ ಬಂತು. ಸಾಹೇಬರ ಹುಕುಂ ಇದೆ ಎಂದು ಮೇಲಿನ ಓಣಿಯ ಮನೆಮನೆಗೆ ನುಗ್ಗಿದೆ. ಹುಳ ಕಂಡಲ್ಲೆಲ್ಲ ಸೌಟು ಸಾಲದೆಂದು ಮೊಣಕೈತನಕ ಕೈಯನ್ನೇ ಇಳಿಸಿದೆ. ನಾನು ಹೊಸ್ತಿಲು ದಾಟುವಷ್ಟರಲ್ಲಿ ಹಿಂದೆ ನೀರು ಚೆಲ್ಲುವ ಸದ್ದು ಕೇಳುತ್ತಿತ್ತು. ಮದ್ದು, ಭಾಷಣ, ಗೋಡೆಬರಹ ಮಾಡಲಾಗದ್ದನ್ನು ನನ್ನ ಕೈ ಮಾಡಿತು. ಆ ಓಣಿಯಲ್ಲಿ ಹುಳ ಹುಡುಕಿದರೂ ಸಿಗದಂತಾಯಿತು. ಸಾಹೇಬರು ಮೀಟಿಂಗಿನಲ್ಲಿ ಎಲ್ಲರೆದುರು, "ಜನರಿಗೆ ತಿಳಿಸಿ ಹೇಳೂದು ಅಂದ್ರ ಇದು ನೋಡ್ರಿ" ಎಂದು ಹೊಗಳಿದರು.

ಆದರೆ ನಮ್ಮ ಕೇರಿ ಪೈಪಿನ ತುದಿಯಲ್ಲಿದೆ. ಅಲ್ಲಿಗೆ ನೀರು ಬರುವುದು ಕಡೆಗೆ, ಅದೂ ಬೆರಳು ಗಾತ್ರ. ಅದನ್ನು ಚೆಲ್ಲಿ ಎಂದರೆ ಯಾರು ಕೇಳುತ್ತಾರೆ? ನಮ್ಮ ಬ್ಯಾರಲ್ ನಾನು ತಿಕ್ಕಿ ಬಟ್ಟೆ ಕಟ್ಟಿದ್ದೆ. ಸೊಳ್ಳೆಗೆ ಪಕ್ಕದ ಮನೆಯಿಂದ ಬರಲು ಎಷ್ಟು ಹೊತ್ತು?

ಮಗಳಿಗೆ ಮತ್ತೆ ಜ್ವರ ಬಂತು. ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಅವಳ ಕೈಗೆ ಸಲೈನ್ ಹಚ್ಚಿಸಿ, ಪಕ್ಕದಲ್ಲಿ ಗಂಡನನ್ನು ಕೂಡಿಸಿ, ಬಟ್ಟೆಬರೆ ಒಯ್ಯಲು ಊರಿಗೆ ಬಂದೆ. ಬಂದವಳು ಮೊದಲು ಪಕ್ಕದ ಮನೆಯ ಮುದುಕಿಯ ಹಂಡೆಗೆ ಎರಡೂ ಕೈ ಇಳಿಸಿದೆ. ಬೆರಳ ಸಂದಿಯಲ್ಲಿ ಹುಳ ಓಡಾಡುತ್ತಿದ್ದವು.

"ಚೆಲ್ಲ ಆಯಿ, ನಾ ಕೈ ಹಾಕೇನಿ!" ಎಂದು ಕೂಗಿದೆ.

ಮುದುಕಿ ಹತ್ತಿರ ಬಂದು, ನನ್ನ ಒದ್ದೆ ಕೈಗಳನ್ನು ತನ್ನ ಸೆರಗಿನಿಂದ ಒರೆಸಿದಳು.

"ನೀ ಕೈ ಹಾಕಿದ್ರ ಏನಾತವ್ವಾ, ನಮ್ಮಕಿ ಅಲ್ಲೇನು ನೀನು?" ಎಂದು ಹಂಡೆಯ ಮುಚ್ಚಳ ಮುಚ್ಚಿದಳು.