ಬಿಚ್ಚಲು ಬರುವ ಅಂಟು

ಕಳೆದ ವಾರ ಸಿಯಾಲ್ದಾ ಸ್ಟೇಷನ್ನಿನ ಹೊರಗೆ ಒಬ್ಬ ಗೋಡೆಗೆ ಪೋಸ್ಟರ್ ಹಚ್ಚುತ್ತಿದ್ದ. ಅವನ ಬಕೆಟ್ಟಿನ ಮೈದಾ ಅಂಟು ಹುಳಿ ಬಂದಿತ್ತು. ಆ ವಾಸನೆಗೆ ಕಾಲು ತಾನಾಗಿ ನಿಂತಿತು… ಮೆಸ್ಸಿನ ಅಮ್ಮ ನೆನಪಾದರು.

ಉಡುಪಿ ಕಡೆಯವರು. ಅಲ್ಲೇ ಹಿಂದಿನ ಗಲ್ಲಿಯಲ್ಲಿ ಸಣ್ಣ ಮೆಸ್ ನಡೆಸುತ್ತಿದ್ದರು. ನಾನು ರಾಯಚೂರು ಕಡೆಯವನು, ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದ ಮೊದಲಿಗ. ಅಪ್ಪ ಹಮಾಲಿ ಮಾಡಿ ಓದಿಸಿದ ಎಂಜಿನಿಯರಿಂಗ್ ಅದು, ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ. ಕೆಲಸ ಸಿಕ್ಕು ಬಂಗಾಳಿಗಳ ಈ ಊರಿಗೆ ಬಂದಾಗ ಅನ್ನದ ಜೊತೆ ಕನ್ನಡವೂ ಸಿಗುತ್ತಿದ್ದದ್ದು ಅವರಲ್ಲಿ ಮಾತ್ರ.

ಅವರಿಗೆ ಒಬ್ಬನೇ ಮಗ. ಕಾಲೇಜಿಗೆ ಹೋಗುತ್ತಿದ್ದ. ರಿಮೋಟಿನಿಂದ ಹಾರಿಸುವ ಪುಟ್ಟ ವಿಮಾನಗಳ ಹುಚ್ಚು. ಒಂದು ಮಳೆಗಾಲ ಡೆಂಗ್ಯೂ ಬಂದು ಹೋಗಿಬಿಟ್ಟ. ಅವನು ಕತ್ತರಿಸಿಟ್ಟಿದ್ದ ಥರ್ಮೋಕೋಲ್ ರೆಕ್ಕೆಗಳೆರಡು ಅಕ್ಕಿ ಮೂಟೆಗಳ ಮೇಲೆ ಹಾಗೇ ಉಳಿದವು. ಅವುಗಳ ಮೇಲೆ ಹೊದಿಸಬೇಕಾದ, ಬಾಲ್ಸಾ ಎಂಬ ಹಗುರ ಮರದ ತೆಳು ಹಾಳೆಗಳೂ ಇದ್ದವು. ಥರ್ಮೋಕೋಲಿನ ತುಂಬ ಪೆನ್ಸಿಲಿನಲ್ಲಿ ಅವನ ಗೆರೆ, ಅಂಕಿ, ಅಕ್ಷರ.

ಮರು ವರ್ಷ ಅಮ್ಮ ನನ್ನನ್ನು ಕೂರಿಸಿಕೊಂಡು ಕೇಳಿದರು. ಚಳಿಗಾಲದಲ್ಲಿ ಅವನ ಗೆಳೆಯರು ಬಂದು ಆ ವಿಮಾನವನ್ನು ಒಮ್ಮೆ ಹಾರಿಸಬೇಕು. ರೆಕ್ಕೆಗೆ ಯಾವ ಅಂಟು ಹಾಕುವುದು?

ಉಳಿದ ಚೂರುಗಳ ಮೇಲೆ ಹಚ್ಚಿ ನೋಡಿದೆ. ಚಪ್ಪಲಿ ರಿಪೇರಿಯವರ ಹಳದಿ ಅಂಟು ಥರ್ಮೋಕೋಲನ್ನೇ ತಿಂದು ಗುಳಿ ಮಾಡಿತು. ಬಡಗಿಗಳ ಬಿಳಿ ಅಂಟು ಒಳಗೆ ಗಾಳಿಯಾಡದೆ ಹಸಿಯಾಗೇ ಉಳಿಯಿತು. ಎರಡು ಟ್ಯೂಬು ಬೆರೆಸುವ ಎಪಾಕ್ಸಿಯನ್ನು ತೆಳ್ಳಗೆ ಸವರಿ ಭಾರ ಹೇರಿದೆ, ಕಲ್ಲಿನ ಹಾಗೆ ಕೂತಿತು. ಇದೇ ಸರಿ ಅಂದೆ.

"ಹಾರಿಸಿದ ಮೇಲೆ ಬಿಚ್ಚಲಿಕ್ಕೆ ಬರ್ತದಾ?" ಅಂತ ಕೇಳಿದರು.

"ಬರೂದಿಲ್ರೀ ಅಮ್ಮ. ಬಿಚ್ಚಾಕ ಹೋದ್ರ ಥರ್ಮೋಕೋಲೂ ಕಿತ್ತು ಬರ್ತದ."

ಹಾಗಾದರೆ ಬೇಡ ಅಂದರು. ಮಗನ ಅಕ್ಷರ ಒಳಗೇ ಮುಚ್ಚಿಹೋಗುವುದು ಅವರಿಗೆ ಬೇಕಿರಲಿಲ್ಲ. ಒದ್ದೆ ಬಟ್ಟೆ ಇಟ್ಟರೆ ಮೈದಾ ಅಂಟು ಬಿಡುತ್ತದೆ, ಅದನ್ನೇ ಕಾಯಿಸುತ್ತೇನೆ ಎಂದರು. ಅದರ ನೀರೂ ಒಳಗೇ ನಿಲ್ಲುತ್ತದೆ, ಈ ಊರಿನ ಹವೆಗೆ ಬೂಷ್ಟು ಹಿಡಿಯುತ್ತದೆ ಅಂತ ಬಿಡಿಸಿ ಹೇಳಿದೆ.

"ಮೈದಾ ವಿಷಯ ನೀನು ನನಗೆ ಕಲಿಸ್ತೀಯಾ ಮಾರಾಯ? ಎಂಜಿನಿಯರಿಗೆ ಒಂದು ಗಂಜಿ ಕಾಯಿಸಲಿಕ್ಕೆ ಬರ್ತದಾ?" ಎಂದು ನಕ್ಕರು. ಮಗ ಹೋದ ಮೇಲೆ ಅವರು ನಕ್ಕದ್ದನ್ನು ನಾನು ನೋಡಿದ್ದು ಅಂದೇ. ಅವರು ಕಾಯಿಸಿದ ಅಂಟನ್ನೇ ಸವರಿ, ಹಾಳೆ ಹೊದಿಸಿ ಭಾರ ಹೇರಿದೆ.

ದುರ್ಗಾಪೂಜೆ ಮುಗಿದ ಮೇಲೆ ಭಾರ ತೆಗೆದೆವು. ಹಾಳೆ ಜಾರಿ ಕೈಗೇ ಬಂತು. ಒಳಗೆಲ್ಲ ಕಪ್ಪು ಬೂಷ್ಟು, ಹುಳಿ ನಾತ. ಅವರು ಸೆರಗಿನಿಂದ ಒರೆಸಿದರು. ಬೂಷ್ಟಿನ ಜೊತೆ ಪೆನ್ಸಿಲಿನ ಗೆರೆಯೂ ಎದ್ದು ಬಂತು… ಮತ್ತೆ ಒರೆಸಿದರು. ಏನೂ ಉಳಿದಿರಲಿಲ್ಲ.

"ನೀನು ಹೇಳಿದ್ದನ್ನು ಹಾಕಿದ್ರೆ ಒಳಗೆ ಉಳೀತಿತ್ತಾ?"

ಸುಳ್ಳು ಹೇಳಲು ನನಗೆ ಬರುವುದಿಲ್ಲ. ಉಳಿಯುತ್ತಿತ್ತು, ಆದರೆ ನೋಡಲು ಆಗುತ್ತಿರಲಿಲ್ಲ ಅಂದೆ.

"ಕಾಣದಿದ್ರೆ ಎಂತ ಮಾರಾಯ… ಇರ್ತಿತ್ತಲ್ಲ."

ಚಳಿಗಾಲದಲ್ಲಿ ಗೆಳೆಯರು ಬರಲಿಲ್ಲ, ಅಮ್ಮನೇ ಬೇಡವೆಂದು ಹೇಳಿಕಳಿಸಿದ್ದರು. ಆಮೇಲೆ ಮೆಸ್ ಮುಚ್ಚಿ ಊರಿಗೆ ಹೋದರು. ಅಲ್ಲೇ ತೀರಿಕೊಂಡರೆಂದು ನನಗೆ ತಿಳಿದದ್ದು ಬಹಳ ತಡವಾಗಿ.

ನಾನೀಗ ಇದೇ ಊರಿನ ಅಂಚಿನ ನ್ಯೂ ಟೌನಿನಲ್ಲಿದ್ದೇನೆ. ಆ ತಾಯಿ ಮಗನ ಬಗ್ಗೆ ಮಾತಾಡೋಣವೆಂದರೆ ಇಲ್ಲಿ ಯಾರೂ ಇಲ್ಲ. ಆ ರೆಕ್ಕೆಯ ಮೇಲಿನ ಅಕ್ಷರ ನೋಡಿದವನು ಇನ್ನು ಬಹುಶಃ ನಾನೊಬ್ಬನೇ. ನೆನಪು ಮಾಡಿಕೊಳ್ಳಲು ಕೂತರೆ… ಏಳರ ಅಂಕಿಗೆ ನಡುವೆ ಒಂದು ಅಡ್ಡಗೆರೆ ಹಾಕುತ್ತಿದ್ದ. ಅಷ್ಟೇ ಕಾಣುತ್ತದೆ. ಉಳಿದದ್ದು ಹೋಗಿದೆ.